ವಲಸೆ ಕಾನೂನು ಓದಲು ವಿದೇಶಕ್ಕೆ: ಹೊಲ ಅಡವಿಡುವ ಮುನ್ನ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಿಂದ ತುಮಕೂರು, ಬೆಂಗಳೂರಿಗೆ ಹೋಗಿ ಕಾನೂನು ಓದುವ ನಮ್ಮ ಮಕ್ಕಳಿದ್ದಾರೆ. ಎಲ್‌ಎಲ್‌ಬಿ ಮುಗಿದ ಮೇಲೆ ಕೆಲವರ ಮನಸ್ಸು ವಿದೇಶದ ಎಲ್‌ಎಲ್‌ಎಂ ಕಡೆಗೆ, ಅದರಲ್ಲೂ ವಲಸೆ ಕಾನೂನಿನ ಕಡೆಗೆ ವಾಲುತ್ತದೆ. ವೀಸಾ, ಪೌರತ್ವ, ನಿರಾಶ್ರಿತರ ರಕ್ಷಣೆ, ಪರದೇಶದಲ್ಲಿ ದುಡಿಯುವವರ ಹಕ್ಕು ಇವೆಲ್ಲ ಅದರ ವಿಷಯ. ಗಲ್ಫ್‌ಗೆ ಮಗನನ್ನು ಕಳಿಸಿದ ಮನೆಗೆ ಈ ವಿದ್ಯೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಸೆ ಒಳ್ಳೆಯದೇ. ಆದರೆ ಕಡಲೆಕಾಯಿ ಬೆಳೆಯುವ ಹೊಲವನ್ನೋ ತಾಯಿಯ ಒಡವೆಯನ್ನೋ ಅಡವಿಡುವ ಮುನ್ನ ಮನೆಯವರೆಲ್ಲ ಕೂತು ಮಶ್ವರ ಮಾಡಬೇಕು. ಆ ಮಾತುಕತೆಗೆ ಬೇಕಾದ ಕೆಲವು ವಿಷಯಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಪದವಿ ಬೇರೆ, ಪರವಾನಗಿ ಬೇರೆ

ವೈದ್ಯಶಾಸ್ತ್ರ ಎಲ್ಲ ದೇಶಕ್ಕೂ ಹೆಚ್ಚುಕಡಿಮೆ ಒಂದೇ. ವಲಸೆ ಕಾನೂನು ಹಾಗಲ್ಲ, ಒಂದೊಂದು ದೇಶಕ್ಕೆ ಒಂದೊಂದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ವಲಸೆ ಕಾನೂನಿನಲ್ಲೇ ಒಂದು ವರ್ಷದ ಎಲ್‌ಎಲ್‌ಎಂ ಇದೆ. ಆದರೆ ಆ ಪದವಿ ಒಂದರಿಂದಲೇ ಯಾರೂ ಅಲ್ಲಿ ವಕೀಲರಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಎಸ್‌ಕ್ಯೂಇ ಎಂಬ ಪರೀಕ್ಷೆ ಬೇರೆಯೇ ಇದೆ. ವಕೀಲರಲ್ಲದವರು ವಲಸೆ ಸಲಹೆಯನ್ನು ವೃತ್ತಿಯಾಗಿ ಮಾಡಬೇಕಾದರೆ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಇಲ್ಲದೆ ಸಲಹೆ ಕೊಡುವುದು 1999ರ ಕಾಯ್ದೆಯ ಪ್ರಕಾರ ಅಪರಾಧ.

ಕೆನಡಾ, ಆಸ್ಟ್ರೇಲಿಯಾಗಳಲ್ಲಿ ವಕೀಲರಲ್ಲದವರು ವಲಸೆ ಸಲಹೆಗಾರರಾಗಬಹುದು. ಅದಕ್ಕೆಂದೇ ಅಲ್ಲಿ ಡಿಪ್ಲೊಮಾ ಕೋರ್ಸುಗಳಿವೆ. ಆದರೆ ಪರವಾನಗಿ ಸಿಗಬೇಕಾದರೆ ಆ ದೇಶದ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಇರಬೇಕು. ವಿದ್ಯಾರ್ಥಿ ವೀಸಾದ ಮೇಲೆ ಓದಿದ್ದು ಅದಕ್ಕೆ ಸಾಲದು. "ಕೋರ್ಸ್ ಮುಗಿದ ಕೂಡಲೇ ಕೆಲಸ" ಎನ್ನುವ ಏಜೆಂಟರು ಈ ಮಾತನ್ನು ಹೇಳುವುದೇ ಇಲ್ಲ.

ಖರ್ಚಿನ ಲೆಕ್ಕ

ಲಂಡನ್ನಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎಲ್‌ಎಲ್‌ಎಂ ಶುಲ್ಕವೇ 25 ಲಕ್ಷ ರೂಪಾಯಿ ದಾಟುತ್ತದೆ. ಬಾಡಿಗೆ, ಊಟ, ವೀಸಾ ಶುಲ್ಕ, ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಇದರ ಮೇಲಿನ ಖರ್ಚು. ವೀಸಾಕ್ಕಾಗಿ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆದ್ದರಿಂದ ಅಲ್ಲಿ ದುಡಿದು ಸಾಲ ತೀರಿಸುತ್ತೇನೆಂಬ ಲೆಕ್ಕ ಬೇಡ. 2024ರ ಜನವರಿ 1ರಿಂದ ಇಂಥ ಕೋರ್ಸಿನ ವಿದ್ಯಾರ್ಥಿಗಳು ಪತಿ, ಪತ್ನಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಓದು ಮುಗಿದ ಮೇಲೆ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷದ ಅವಕಾಶವೂ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ.

ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಓದಿನ ಸಾಲಕ್ಕೆ ಬಡ್ಡಿ ಭರಿಸುತ್ತಿದ್ದ ಕೇಂದ್ರ ಸರ್ಕಾರದ 'ಪಢೋ ಪರದೇಸ್' ಯೋಜನೆ 2022-23ರಿಂದ ನಿಂತಿದೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶಿ ವ್ಯಾಸಂಗದ ಸಾಲ ಯೋಜನೆ ಇದೆ. ಕಾನೂನು ಓದಿಗೆ ಅದು ಸಿಗುವುದೇ, ಷರತ್ತು ಏನು ಎಂಬುದನ್ನು ತುಮಕೂರಿನ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬಡ್ಡಿಯ ಸಾಲವೇ ಬೇಡ ಎನ್ನುವ ಮನೆಗಳು ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದತ್ತ ನೋಡಲಿ. ಶುಲ್ಕ, ವಾಸ, ಪ್ರಯಾಣ ಎಲ್ಲವನ್ನೂ ಅದು ಕೊಡುತ್ತದೆ. ಪೈಪೋಟಿ ಬಹಳ. ಎರಡು ವರ್ಷದ ಕೆಲಸದ ಅನುಭವ ಬೇಕು. ಓದಿದ ನಂತರ ಸ್ವದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇರಬೇಕು.

ಮೊದಲ ಪಾಠ ನಮ್ಮಲ್ಲೇ ಇದೆ

ಆ ಎರಡು ವರ್ಷದ ಅನುಭವವನ್ನು ನಮ್ಮ ಊರಿನಲ್ಲೇ ಗಳಿಸಬಹುದು. ದುಡಿಯಲು ಹೊರದೇಶಕ್ಕೆ ಹೋಗುವವರ ರಕ್ಷಣೆಗೆ ನಮ್ಮಲ್ಲಿ 1983ರ ಎಮಿಗ್ರೇಷನ್ ಕಾಯ್ದೆ ಇದೆ. ಅದರಡಿ ನೋಂದಣಿ ಆಗದ ಏಜೆಂಟ್ ಯಾರನ್ನೂ ವಿದೇಶಿ ಕೆಲಸಕ್ಕೆ ನೇಮಿಸುವಂತಿಲ್ಲ. ನೋಂದಾಯಿತ ಏಜೆಂಟ್ ಕೂಡ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ಆಗಿರುತ್ತದೆ. ಅಂಥವರು ಸೌದಿ, ಯುಎಇ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ವಿದೇಶಿಯರು ನಮ್ಮ ದೇಶಕ್ಕೆ ಬರುವ, ಇಲ್ಲಿ ಉಳಿಯುವ ವಿಷಯಕ್ಕೆ 2025ರ ಹೊಸ ಕಾಯ್ದೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಇಷ್ಟನ್ನು ಚೆನ್ನಾಗಿ ಬಲ್ಲ ಒಬ್ಬ ವಕೀಲರು ಮಧುಗಿರಿಯಲ್ಲೋ ಪಾವಗಡದಲ್ಲೋ ಇದ್ದರೆ, ಹುಡುಗನೊಬ್ಬ ಸಹಿ ಹಾಕುವ ಮುನ್ನ ಅವನ ಕರಾರುಪತ್ರ ಓದಿ ಹೇಳಬಲ್ಲರು. ಸಂಬಳ ಎಷ್ಟು, ಕೆಲಸ ಯಾವುದು, ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ ಎಚ್ಚರಿಸಬಲ್ಲರು. ಆದ್ದರಿಂದ ನಮ್ಮ ಸಲಹೆ ಇಷ್ಟು: ಎಲ್‌ಎಲ್‌ಬಿ ಆದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಎರಡು ವರ್ಷ ಇಲ್ಲಿನ ಕೋರ್ಟಿನಲ್ಲಿ ದುಡಿದು, ಇಂಥ ಪ್ರಕರಣಗಳನ್ನು ಹತ್ತಿರದಿಂದ ನೋಡಿ. ಆಮೇಲೆ ಹೊರಡಿ.

ಹೊರಡುವ ಮಗ ಅಥವಾ ಮಗಳಿಗೆ ಪಾಲಕರು ಮೂರು ಪ್ರಶ್ನೆ ಕೇಳಲಿ. ಯಾವ ದೇಶದ ಕಾನೂನು ಓದುತ್ತೀಯ? ಅಲ್ಲಿ ವೃತ್ತಿ ಮಾಡಲು ಪರವಾನಗಿ ಹೇಗೆ ಸಿಗುತ್ತದೆ? ಅದು ಸಿಗದೆ ಊರಿಗೆ ಮರಳಿದರೆ ಆ ಓದನ್ನು ಏನು ಮಾಡುತ್ತೀಯ? ಮೂರಕ್ಕೂ ಉತ್ತರ ಕಾಗದದ ಮೇಲೆ ಬಂದ ನಂತರವೇ ಹಣದ ಮಾತು ಶುರುವಾಗಲಿ.