ನಿಮಗಿದು ಗೊತ್ತೆ? ಕಿವಿ ಹಿಂಡದೆ ಹಾಡುವ ರೇಡಿಯೋ

ಹರಳು ರೇಡಿಯೋಗೆ ಬ್ಯಾಟರಿ ಬೇಡ, ಸ್ವಿಚ್ಚೂ ಬೇಡ. ಗೆಲೀನಾ ಎಂಬ ಸೀಸದ ಅದಿರಿನ ಹರಳಿನ ಮೇಲೆ ಸಪೂರ ತಂತಿಯ ಮೊನೆಯನ್ನು ಅತ್ತಿತ್ತ ಸರಿಸಿ, ಇಯರ್‌ಫೋನಿನಲ್ಲಿ ದನಿ ಮೂಡುವ ಜಾಗವನ್ನು ಹುಡುಕಬೇಕು. ತುಸು ಅಲುಗಿದರೂ ದನಿ ಮಾಯ. ಇಂಥ ಶೋಧಕಕ್ಕೆ ಜಗದೀಶಚಂದ್ರ ಬೋಸರು 1904ರಲ್ಲೇ ಅಮೆರಿಕದ ಪೇಟೆಂಟ್ ಪಡೆದದ್ದು ಹೆಮ್ಮೆಯ ಸಂಗತಿ.

ನಿಲಯ ಹಿಡಿಯಲು ಬಿರಡೆಯೇ ಬೇಕೆಂದಿಲ್ಲ. ತಾಮ್ರದ ತಂತಿಯ ಸುರುಳಿಯೊಳಗೆ ಫೆರೈಟ್ ಕಡ್ಡಿ ತೂರಿಸಿದರೂ ಆಯಿತು; ಕಡ್ಡಿ ಒಳಹೋದಷ್ಟೂ ಕಡಿಮೆ ಕಂಪನಾಂಕದ ನಿಲಯ ಸಿಗುತ್ತದೆ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯವರಿಗೆ ಹತ್ತಿರದ ಆಕಾಶವಾಣಿ ಬೆಂಗಳೂರಿನದು 612 ಕಿಲೋಹರ್ಟ್ಸ್, ಅಂದರೆ ಸುಮಾರು 490 ಮೀಟರ್ ತರಂಗಾಂತರ.

ಮಧ್ಯಮ ತರಂಗದ ಟ್ರಾನ್ಸಿಸ್ಟರಿನಲ್ಲಿ ಇಡೀ ಪೆಟ್ಟಿಗೆಯೇ ಬಿರಡೆ. ಒಳಗಿನ ಫೆರೈಟ್ ಕಡ್ಡಿಯ ತುದಿ ಪ್ರಸಾರ ಗೋಪುರದತ್ತ ತಿರುಗಿದರೆ ದನಿ ಕುಗ್ಗುತ್ತದೆ, ಕಡ್ಡಿ ಅಡ್ಡಲಾದರೆ ಏರುತ್ತದೆ.