ದೀಪ ಆರಿದರೆ ಸಾಲದು, ಗಾಳಿಯೂ ತುಂಬಬೇಕು

ಕಳೆದ ಡಿಸೆಂಬರ್ ರಜೆಯಲ್ಲಿ ಭಾವನವರ ಕಾರಿನಲ್ಲಿ ನಾವು ಐದು ಮಂದಿ ಕುಮಳಿ, ಕಂಬಂ ದಾರಿಯಾಗಿ ಕೊಡೈಕೆನಾಲಿಗೆ ಹೊರಟಿದ್ದೆವು. ಕುಮಳಿಗೆ ಏರುತ್ತಿದ್ದಂತೆ ಚಾಲಕನೆದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿತು. ಕುದುರೆಲಾಳದಂತಹ ಗೆರೆ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟಯರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬುದರ ಸೂಚನೆ ಅದು.

"ಚಳಿಗೆ ಹೀಗಾಗುವುದುಂಟು" ಎಂದು ಭಾವ ಕಾರು ನಿಲ್ಲಿಸಿ ಸ್ಟಿಯರಿಂಗ್ ಬಳಿಯ ಗುಂಡಿಯನ್ನು ಒತ್ತಿ ಹಿಡಿದರು. ದೀಪ ಆರಿತು. ನಾವೂ ನಿಶ್ಚಿಂತರಾದೆವು.

ಮರುದಿನ ಬೆಳಿಗ್ಗೆ ಲೋವರ್ ಕ್ಯಾಂಪಿನ ತಿರುವುಗಳನ್ನು ಇಳಿಯುವಾಗ ಕಾರು ಎಡಕ್ಕೆ ಎಳೆಯತೊಡಗಿತು. ದೀಪ ಮಾತ್ರ ಹೊತ್ತಲಿಲ್ಲ. ನಿಧಾನವಾಗಿ ಕಂಬಂ ತಲುಪಿ ಪಂಕ್ಚರ್ ಅಂಗಡಿಯೊಂದರಲ್ಲಿ ಅಳೆಸಿದೆವು. 33 ಪೌಂಡು ಇರಬೇಕಾದಲ್ಲಿ ಮುಂದಿನ ಎಡ ಟಯರಿನಲ್ಲಿ ಇದ್ದದ್ದು 22. ಒಳಗೊಂದು ಮೊಳೆ!

ನಮ್ಮ ಮಾತು ಕೇಳಿದ ಅಂಗಡಿಯ ಹಿರಿಯರು ಕನ್ನಡದಲ್ಲೇ ವಿಚಾರಿಸಿದರು: "ದೀಪ ಆರಿಸಿದಿರಿ ಸರಿ, ಗಾಳಿ ನೋಡಿದಿರಾ ಸ್ವಾಮಿ?" ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಕುಟುಂಬಗಳಿವೆ. ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಭಾವ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಟಯರಿನ ಒತ್ತಡ ಸುಮಾರು ಒಂದೂವರೆ ಪೌಂಡು ಇಳಿಯುತ್ತದೆ. ಆದರೆ 11 ಪೌಂಡು ಇಳಿಯುವಷ್ಟು ಚಳಿ ಕುಮಳಿಯಲ್ಲಿಲ್ಲ.

ಈ ಎಚ್ಚರಿಕೆಯ ವ್ಯವಸ್ಥೆಯಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಕ್ರದೊಳಗೂ ಒತ್ತಡ ಅಳೆಯುವ ಪುಟ್ಟ ಉಪಕರಣವಿರುತ್ತದೆ. ಇನ್ನೊಂದು ಚಕ್ರ ತಿರುಗುವ ವೇಗವನ್ನು ಗಮನಿಸುತ್ತದೆ. ಗಾಳಿ ಕಡಿಮೆಯಾದ ಚಕ್ರ ತುಸು ಕುಗ್ಗಿ ಉಳಿದವಕ್ಕಿಂತ ಬೇಗ ತಿರುಗುತ್ತದೆ. ಭಾವನವರ ಕಾರಿನದು ಈ ಎರಡನೆಯ ಬಗೆ. ಇದರಲ್ಲಿ ಗುಂಡಿ ಒತ್ತುವುದೆಂದರೆ "ಈಗಿರುವುದೇ ಸರಿ, ಇದನ್ನೇ ಕಲಿತುಕೋ" ಎಂದು ಯಂತ್ರಕ್ಕೆ ಹೇಳಿದಂತೆ. ತಪ್ಪು ಉತ್ತರಕ್ಕೆ ನಾವೇ ಸರಿ ಗುರುತು ಹಾಕಿದ್ದೆವು.

ಕ್ರಮ ಹೀಗಿರಬೇಕು. ಕಾರು ಓಡಿಸುವ ಮೊದಲು, ಟಯರು ತಣ್ಣಗಿರುವಾಗ, ನಾಲ್ಕನ್ನೂ ಅಳೆಯಬೇಕು. ಇರಬೇಕಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಓಡಿ ಬಿಸಿಯಾದ ಟಯರು ಕೆಲವು ಪೌಂಡು ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬಾರದು. ಮೊಳೆ ಇದ್ದರೆ ತೆಗೆಸಿ, ಗಾಳಿ ತುಂಬಿಸಿ, ಆಮೇಲೆ ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಗುಂಡಿ ಒತ್ತಬೇಕು. ಮೊದಲ ಬಗೆಯ ಅನೇಕ ಕಾರುಗಳಲ್ಲಿ ಗಾಳಿ ತುಂಬಿ ತುಸು ದೂರ ಓಡಿಸಿದರೆ ದೀಪ ತಾನೇ ಆರುತ್ತದೆ. ಕಾರು ಚಾಲೂ ಮಾಡಿದಾಗ ದೀಪ ಸುಮಾರು ಒಂದು ನಿಮಿಷ ಮಿನುಗಿ ಆಮೇಲೆ ಸ್ಥಿರವಾಗಿ ಉರಿದರೆ ದೋಷ ವ್ಯವಸ್ಥೆಯಲ್ಲೇ ಇದೆ, ಮೆಕ್ಯಾನಿಕರಿಗೆ ತೋರಿಸಬೇಕು.

2020ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿ ಟ್ಯೂಬ್‌ಲೆಸ್ ಟಯರು, ಪಂಕ್ಚರ್ ದುರಸ್ತಿ ಸಾಮಗ್ರಿ ಮತ್ತು ಈ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಘಾಟಿ ಹತ್ತುವವರಿಗೆ ಈ ದೀಪದ ಬೆಲೆ ಇನ್ನೂ ಹೆಚ್ಚು.

ಹಿರಿಯರು ಮೊಳೆ ಕಿತ್ತು, ರಬ್ಬರಿನ ಬತ್ತಿ ತೂರಿಸಿ, ಗಾಳಿ ತುಂಬಿಕೊಟ್ಟರು. ಆ ರಾತ್ರಿ ತೇನಿಯಲ್ಲಿ ತಂಗಿದೆವು. ಬೆಳಿಗ್ಗೆ ತಣ್ಣನೆಯ ಟಯರುಗಳನ್ನು ಅಳೆದು ನೋಡಿ, ನಾಲ್ಕೂ ಸರಿಯಿದ್ದ ಮೇಲೆಯೇ ಭಾವ ಗುಂಡಿ ಒತ್ತಿದರು. ಬತ್ತಲಗುಂಡು ದಾಟಿ, 2,000 ಮೀಟರಿಗೂ ಎತ್ತರದ ಕೊಡೈಕೆನಾಲಿಗೆ ಮಕ್ಕಳೊಂದಿಗೆ ಸುಖವಾಗಿ ಹತ್ತಿದೆವು.