ಹಾರ್ಟ್‌ಬ್ಲೀಡ್: ಪ್ಯಾಚ್ ಹಾಕಿದ್ರೆ ಮುಗೀತಾ?

2014ರ ಏಪ್ರಿಲ್ 7ಕ್ಕೆ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ನಾನು ಪುಣೆಯಲ್ಲಿ ಸರ್ವರ್ ನೋಡಿಕೊಳ್ತಿದ್ದೆ.

ಸಂಪರ್ಕ ಜೀವಂತ ಇದೆಯಾ ಅಂತ ತಿಳಿಯೋಕೆ ಸಣ್ಣ ಸಂದೇಶ ಕಳಿಸಿ, ಅದರ ಉದ್ದ ಹೇಳ್ತಾರೆ. ಸರ್ವರ್ ಅದನ್ನೇ ವಾಪಸ್ ಕಳಿಸಬೇಕು. ಒಂದೇ ಅಕ್ಷರ ಕಳಿಸಿ '64 ಕೆಬಿ' ಅಂತ ಸುಳ್ಳು ಹೇಳಿದ್ರೆ? ಅಳೆದು ನೋಡದೆ ಪಕ್ಕದ ಮೆಮೊರಿಯನ್ನೂ ಸೇರಿಸಿ ಕೊಟ್ಟುಬಿಡ್ತಿತ್ತು, ಪುಣ್ಯಾತ್ಮ! ಅದರಲ್ಲಿ ಪಾಸ್‌ವರ್ಡ್, ಕೆಲವೊಮ್ಮೆ ಪ್ರೈವೇಟ್ ಕೀ ಕೂಡ. ಮಾಮೂಲಿ ಲಾಗ್‌ನಲ್ಲಿ ಸುಳಿವೂ ಇಲ್ಲ.

ನಾನು 1.0.1ಜಿ ಹಾಕಿ ನಿರಾಳವಾಗಿ ಮಲಗಿದೆ. ಬೆಳಗ್ಗೆ ಪರೀಕ್ಷಿಸಿದರೆ ಇನ್ನೂ ಸೋರುತ್ತಿದೆ! ವೆಬ್ ಸರ್ವರ್ ರೀಸ್ಟಾರ್ಟ್ ಮಾಡಿರಲಿಲ್ಲ. ಹಳೇ ಲೈಬ್ರರಿಯೇ ಮೆಮೊರಿಯಲ್ಲಿ ಕೂತಿತ್ತು. ರೀಸ್ಟಾರ್ಟ್ ಮಾಡಿದೆ ಸರಿ, ಆದ್ರೆ ಕೀ ಅಷ್ಟರಲ್ಲಿ ಯಾರ ಕೈ ಸೇರಿತ್ತೋ! ಹೊಸ ಕೀ, ಹೊಸ ಸರ್ಟಿಫಿಕೇಟ್, ಹಳೆಯದು ರದ್ದು. ಬಳಕೆದಾರರ ಪಾಸ್‌ವರ್ಡ್ ಬದಲಾವಣೆ ಕೊನೆಗೇ ಇಡಿ. ಮೊದಲೇ ಮಾಡಿಸಿದ್ರೆ ಹೊಸದೂ ಸೋರುತ್ತೆ.